ಸೀಮಂತಕ್ಕೆಂದು ಕೇಳಿದ ರಜೆ

ನಮ್ಮ ಮಂಡಿಯ ಸಾಹುಕಾರರು ಯಾರಿಗೂ ಯಾವತ್ತೂ ರಜೆ ಇಲ್ಲ ಎಂದವರಲ್ಲ. ಅವರ ಮೇಲೆ ನನಗಿದ್ದ ದೊಡ್ಡ ತಕರಾರು ಅದೇ. ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು, ಕೆಲಸ ಬಿಟ್ಟು ಬರಬಹುದಿತ್ತು, ಏನೂ ಆಗದಿದ್ದರೆ ಊರಲ್ಲಿ ನಾಲ್ಕು ಜನರ ಮುಂದೆ ಬಾಯಿ ತುಂಬ ಬೈಯಬಹುದಿತ್ತು. ಅವರು ಕೇಳಿದಷ್ಟು ರಜೆ ಕೊಡುತ್ತಿದ್ದರು. ಕೊಟ್ಟು, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ, ವಾರ ತುಂಬುವುದರೊಳಗೆ ವಾಪಸು ಕರೆಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ತಿಪಟೂರಿನ ಕೊಬ್ಬರಿ ಮಂಡಿಯೊಂದರ ನೌಕರ, ಇದ್ದದ್ದು ಮಾತ್ರ ದೆಹಲಿಯಲ್ಲಿ. ನಮ್ಮ ಕಡೆಯ ಉಂಡೆ ಕೊಬ್ಬರಿಗೆ ಉತ್ತರದವರೇ ದೊಡ್ಡ ಗಿರಾಕಿಗಳು. ಇಲ್ಲಿ ಹೊರಟ ಲಾರಿ ವಾರದ ಮೇಲೆ ಅಲ್ಲಿನ ಹಳೇ ಬಜಾರಿನ ಗೋದಾಮು ಮುಟ್ಟುತ್ತಿತ್ತು. ಅಲ್ಲಿನ ವ್ಯಾಪಾರಿ ಒಂದು ಚೀಲ ಬಿಚ್ಚಿಸಿ, ಎರಡು ಉಂಡೆ ಮೂಸಿ, ಮಾಲು ಹಸಿ ಎಂದು ಮುಖ ಸಿಂಡರಿಸುತ್ತಿದ್ದ. ಒಣಗಿದ್ದರೂ ಸಿಂಡರಿಸುತ್ತಿದ್ದ, ಅದು ಅವನ ವ್ಯಾಪಾರ. ಅವನ ಎದುರು ಕೂತು, ಎರಡು ಉಂಡೆಗಳನ್ನು ಒಂದಕ್ಕೊಂದು ತಟ್ಟಿ, ಆ ಸದ್ದು ಕೇಳಿ, ಇದು ಒಣಗಿದೆ, ಇದು ಒಣಗಿಲ್ಲ ಎಂದು ಹೇಳುವುದು ನನ್ನ ಕೆಲಸ. ಒಣಗಿದ ಕೊಬ್ಬರಿ ಮರದ ತುಂಡಿನಂತೆ ಟಕ್ಕೆನ್ನುತ್ತದೆ. ಹಸಿಯದು ಮಂಕಾಗಿ ದಬ್ಬೆನ್ನುತ್ತದೆ. ನಮ್ಮ ಮನೆ ಬಿಳಿಗೆರೆಯಲ್ಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗುವುದನ್ನು, ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದ ಕಿವಿ ನನ್ನದು. ಸಾಹುಕಾರರು ಇದನ್ನು ಎಲ್ಲರ ಮುಂದೆ ಹೇಳುತ್ತಿದ್ದರು.

"ಇವನ ಕಿವಿ ಇಲ್ದಿದ್ರೆ ಆ ಜನ ನಮ್ಮನ್ನ ಮುಳುಗಿಸ್ಬುಡ್ತಾರೆ ಕಣ್ರಪ್ಪ."

ಹೊಗಳಿಕೆ ಎಂದು ನಾನೂ ಉಬ್ಬುತ್ತಿದ್ದೆ. ಕಾಲಿಗೆ ಕಟ್ಟಿದ ಹಗ್ಗ ಅದು ಎಂದು ಗೊತ್ತಾಗಲು ಮದುವೆ ಆಗಬೇಕಾಯಿತು. ಕಿವಿಯ ಜೊತೆಗೆ ಇನ್ನೊಂದು ಗುರುತೂ ಈ ಕೆಲಸದಿಂದ ನನಗೆ ಅಂಟಿಕೊಂಡಿತ್ತು, ಕೆಮ್ಮು. ಕೊಬ್ಬರಿ ಉಜ್ಜುವಾಗ ಏಳುವ ಧೂಳು ಗಂಟಲಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಎರಡು ಸಲ ಗಿಡ್ಡದಾಗಿ ಕೆಮ್ಮಿ ಒಂದು ಸಲ ಗಂಟಲು ಸರಿಮಾಡಿಕೊಳ್ಳುವುದು, ಮಂಡಿಯಲ್ಲಿ ಹತ್ತು ವರ್ಷ ಕೂತವರೆಲ್ಲರಿಗೂ ಅದೇ ವರಸೆ. ಸಾಹುಕಾರರಿಗೂ ಇತ್ತು, ಹಮಾಲರಿಗೂ ಇತ್ತು.

ರಜೆಯ ವಿಷಯದಲ್ಲಿ ನಮ್ಮ ಮಂಡಿಗೆ ಕಾನೂನು ಅಂತ ಒಂದಿರಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದ ನನ್ನ ನೆಂಟನೊಬ್ಬ ಅರ್ಜಿ ಗೀಚಿ ಮೇಜಿನ ಮೇಲೆಸೆದು ಬಂದರೆ ಮುಗಿಯಿತು, ಆ ರಜೆ ಅವನದು. ನಮ್ಮ ರಜೆ ಸಾಹುಕಾರರ ಮನಸ್ಸಿನಲ್ಲಿ ಇರುತ್ತಿತ್ತು. ಮದುವೆ ಎಂದರೆ ಕೊಡುತ್ತಿದ್ದರು, ಕುಟುಂಬ ಸಮೇತ ಬಂದು ಊಟ ಮಾಡಿ, ಎಲೆ ಎತ್ತಿದ ಮೇಲೆ "ನಾಳೆ ಗಾಡಿ ಹತ್ತೀಯೇನಪ್ಪ" ಎನ್ನುತ್ತಿದ್ದರು. ಸಾವು ಎಂದರೂ ಕೊಡುತ್ತಿದ್ದರು, ಹಾರ ಹಿಡಿದು ಅವರೇ ಬರುತ್ತಿದ್ದರು, ಅತ್ತವರ ಜೊತೆ ಅಳುತ್ತಿದ್ದರು, ಮೂರನೆಯ ದಿನದ ಹಾಲುತುಪ್ಪ ಮುಗಿದ ಕೂಡಲೇ ಹೆಗಲ ಮೇಲೆ ಕೈಯಿಟ್ಟು ಲಾರಿಯ ಸಮಾಚಾರ ತೆಗೆಯುತ್ತಿದ್ದರು. ಹೆರಿಗೆಗೆ ಮಾತ್ರ ಅವರ ಲೆಕ್ಕದಲ್ಲಿ ಗಂಡಸಿಗೆ ಕೆಲಸವೇ ಇಲ್ಲ. ನನಗಿಂತ ಮೊದಲು ದೆಹಲಿಯಲ್ಲಿದ್ದವನು ಹೆಂಡತಿಯ ಹೆರಿಗೆಗೆಂದು ರಜೆ ಕೇಳಿದಾಗ ಅವರು ನಿಜವಾದ ಅಚ್ಚರಿಯಿಂದ ಕೇಳಿದ್ದರಂತೆ.

"ಹೆರೋಳು ಅವಳು. ಇರೋದು ತವರುಮನೇಲಿ. ನೀನ್ ಹೋಗಿ ಏನ್ ಮಾಡ್ತೀಯ?"

ಈ ಮಾತು ನನಗೆ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿತ್ತು, ಯಾಕೆಂದರೆ ನಾನೇ ನಗುನಗುತ್ತಾ ಅವಳಿಗೆ ಹೇಳಿದ್ದೆ. ಅವಳು ನಗಲಿಲ್ಲ.

ಮದುವೆಯಾಗಿ ಎರಡು ವರ್ಷವಾಗಿತ್ತು. ನಾವಿಬ್ಬರೂ ಒಂದೇ ಸೂರಿನ ಕೆಳಗಿದ್ದ ದಿನಗಳನ್ನು ಕೂಡಿಸಿದರೆ ಎರಡು ತಿಂಗಳೂ ತುಂಬುತ್ತಿರಲಿಲ್ಲ. ಬಸುರಿಯಾದ ಮೇಲೆ ಐದನೆಯ ತಿಂಗಳಲ್ಲಿ ನಾಲ್ಕು ದಿನಕ್ಕೆ ಬಂದಿದ್ದಾಗ ಅವಳು ಒಂದೇ ಒಂದು ಕೇಳಿದಳು.

"ಒಳಗೆ ಬರ್ಬೇಡಿ, ಅದು ಗಂಡಸರು ನೋಡೋದಲ್ಲ, ನನಗ್ಗೊತ್ತು. ಬಾಗ್ಲಾಚೆ ಜಗುಲಿ ಮೇಲೆ ಕೂತಿರಿ. ನಿಮ್ಮ ಆ ಮಂಡಿ ಕೆಮ್ಮು ಐತಲ್ಲ, ಅದು ಕೇಳಿದ್ರೆ ಸಾಕು ನಂಗೆ. ಧೈರ್ಯ ಬರುತ್ತೆ."

ನಾನು ಮಾತು ಕೊಟ್ಟೆ. ಸೀರೆ ಕೇಳಿರಲಿಲ್ಲ, ಒಡವೆ ಕೇಳಿರಲಿಲ್ಲ, ಕೆಮ್ಮು ಕೇಳಿದ್ದಳು. ಅಷ್ಟೂ ಕೊಡಲಾರದವನು ಗಂಡ ಯಾಕಾಗಬೇಕು ಎಂದು ಆಗ ನನಗೆ ಅನ್ನಿಸಿತ್ತು.

ಇನ್ನು ಅತ್ತೆಯವರ ವಿಷಯಕ್ಕೆ ಬರಬೇಕು. ಹೆಂಡತಿಯ ತವರು ಹೊನ್ನವಳ್ಳಿ. ಹೆರಿಗೆಯ ದಿನ ಊರಿಗೆಲ್ಲ ಗೊತ್ತಾದರೆ ಹೆರಿಗೆ ಕಷ್ಟವಾಗುತ್ತದೆ ಎಂಬುದು ಅತ್ತೆಯ ಗಟ್ಟಿ ನಂಬಿಕೆ. ಎಷ್ಟು ಜನರ ಬಾಯಲ್ಲಿ ಆ ದಿನ ಓಡಾಡುತ್ತದೋ ಅಷ್ಟು ಹೊತ್ತು ನೋವು ಎಳೆಯುತ್ತದಂತೆ. ಆದ್ದರಿಂದ ಅವರ ಮನೆಯಲ್ಲಿ ಬಸುರಿಗೆ ಎರಡು ಲೆಕ್ಕ. ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು ತಿಂಗಳು ಮುಂದಕ್ಕೆ ಹಾಕಿದ್ದು. ಏಳನೆಯ ತಿಂಗಳಲ್ಲಿ ಸೀಮಂತವನ್ನು ನಾನಿಲ್ಲದೆಯೇ ಮನೆಮಟ್ಟಿಗೆ, ಬಾಗಿಲು ಮುಂದೆ ಮಾಡಿಕೊಂಡು ಮುಗಿಸಿದರು. ಆಮೇಲೆ ಮಾವನವರ ಕೈಯಲ್ಲಿ ನನಗೊಂದು ಕಾಗದ ಬರೆಸಿದರು. ಹೆರಿಗೆಗೆ ಅಂತ ರಜೆ ಕೇಳಬೇಡಿ, ಸೀಮಂತಕ್ಕೆ ಅಂತ ಕೇಳಿ, ಸಾಹುಕಾರರ ಮನೆಯಲ್ಲಿ ದಿನ ಗೊತ್ತಾದರೆ ಇಡೀ ಮಾರ್ಕೆಟ್ಟಿಗೆ ಗೊತ್ತಾದ ಹಾಗೆ.

ಓದಿದವನು, ದೆಹಲಿ ನೋಡಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಎಸ್‌ಟಿಡಿ ಬೂತಿನಲ್ಲಿ ನಿಂತು ಸೀಮಂತಕ್ಕೆ ಅಂತಲೇ ಕೇಳಿದೆ. ಇಷ್ಟಕ್ಕೂ ಹೆರಿಗೆ ಎಂದರೆ ಸಾಹುಕಾರರ ಉತ್ತರ ಏನು ಅಂತ ಗೊತ್ತಿತ್ತಲ್ಲ. ಅವರ ಲೆಕ್ಕದಲ್ಲಿ ಸೀಮಂತ ಎಂದರೆ ಶಾಸ್ತ್ರ, ಶಾಸ್ತ್ರಕ್ಕೆ ಗಂಡ ಬೇಕು. ಅವರು ಒಂದೇ ಉಸಿರಿಗೆ ಇಪ್ಪತ್ತೈದು ದಿನ ಕೊಟ್ಟರು. ಹೋಗಿಬರುವ ಗಾಡಿಯ ದಿನಗಳೂ ಅದರಲ್ಲೇ ಸೇರಿದ್ದು, ಅದು ಬೇರೆ ಮಾತು.

ತಿಪಟೂರಿನಲ್ಲಿ ಇಳಿದವನು ವಾಡಿಕೆಯಂತೆ ಮೊದಲು ಮಂಡಿಗೆ ಹೋಗಿ ಮುಖ ತೋರಿಸಿದೆ. ಸಾಹುಕಾರರು ಕಾಫಿ ತರಿಸಿದರು.

"ನಿಮ್ಮತ್ತೆ ಮೊನ್ನೆ ಒಂದು ಮದ್ವೇಲಿ ಸಿಕ್ಕಿದ್ರಂತೆ, ನಮ್ಮನೆಯವಳು ಹೇಳ್ತಿದ್ಲು. ಇನ್ನೂ ಒಂದೂವರೆ ತಿಂಗಳೈತಂತಲ್ಲ?"

"ಹೂಂ ಸಾವ್ಕಾರ್ರೇ" ಎಂದೆ. ನಿಜವಾಗಿ ಹದಿನೈದು ದಿನವಿತ್ತು. ನರ್ಸಮ್ಮ ಕಾರ್ಡಿನಲ್ಲಿ ಬರೆದುಕೊಟ್ಟಿದ್ದ ದಿನ ನನಗೆ ಬಾಯಿಪಾಠವಾಗಿತ್ತು.

ಹೊನ್ನವಳ್ಳಿಯಲ್ಲಿ ಎಲ್ಲ ತಯಾರಾಗಿತ್ತು. ಬಾಣಂತಿಗೆಂದು ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದರು. ತಲೆಯೆತ್ತಿ ನೋಡಿದರೆ ಮೇಲಿನ ಅಟ್ಟ ಖಾಲಿ. ಆ ಮನೆಯ ಅಟ್ಟ ಖಾಲಿಯಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಕಾಯಿ ಎಲ್ಲಿ ಹೋಯ್ತು ಅತ್ತೆ?" ಎಂದು ಕೇಳಿದೆ.

"ಕಾಯಿ ಇದ್ರೆ ಇಲಿ, ಇಲಿ ಇದ್ರೆ ಅದರ ಹಿಂದೆ ಹಾವು. ಹಸುಗೂಸಿನ ತಲೆ ಮೇಲೆ ಅವೆಲ್ಲ ಓಡಾಡ್ಬೇಕಾ? ಎಲ್ಲಾ ಇಳಿಸಿ, ಸುಲಿಸಿ, ಮಂಡಿಗೆ ಹಾಕ್ಸಿಬಿಟ್ಟೆ ಕಣ್ರೀ ಅಳಿಯಂದ್ರೇ" ಎಂದರು ಅತ್ತೆ.

ಮಾವ ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. "ಸಾವ್ಕಾರ್ರು ಚೀಲ ಬಿಚ್ಚೂ ನೋಡ್ಲಿಲ್ಲ. ನಮ್ ಹುಡುಗನ ಮಾವನ ಮಾಲು, ಅದರಲ್ಲೇನು ನೋಡೋದು, ಹಂಗೇ ಲಾರಿಗೆ ಹಾಕಿ ಅಂದ್ರು" ಎಂದು ಹೆಮ್ಮೆಪಟ್ಟರು.

ಎಷ್ಟು ಮುಂದಾಲೋಚನೆ ಅತ್ತೆ ನಿಮ್ಮದು ಎಂದು ನಾನು ಹೊಗಳಿದೆ. ಕೊಬ್ಬರಿಯಲ್ಲೇ ಅನ್ನ ತಿನ್ನುವವನು, ಆ ಕಾಯಿ ಅಟ್ಟ ಹತ್ತಿ ಎಷ್ಟು ತಿಂಗಳಾಗಿತ್ತು ಎಂದು ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ. ನಾನು ರಜೆಯಲ್ಲಿದ್ದೆ.

ಐದು ದಿನ ಸುಖವಾಗಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ನಿಧಾನವಾಗಿ ಓಡಾಡುವಳು, ನಾನು ಜಗುಲಿಯ ಮೇಲೆ ಕೂತು ನೋಡುವೆ. ಒಮ್ಮೊಮ್ಮೆ ಒಳಗೆ ಹೋಗಿ, ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡು, "ಕೆಮ್ಮಿ ನೋಡಣ" ಎನ್ನುವಳು. ನಾನು ಕೆಮ್ಮುವೆ. "ಕೇಳ್ತು" ಎಂದು ಒಳಗಿಂದ ನಗುವಳು. ಇಬ್ಬರೂ ಹುಡುಗಾಟಕ್ಕೆಂದು ಹಾಗೆ ಮಾಡುತ್ತಿದ್ದೆವು, ಆದರೆ ಅವಳಿಗೆ ಒಳಗೊಳಗೇ ಭಯವಿತ್ತು.

ಆರನೆಯ ದಿನ ಕೊಬ್ಬರಿ ಮಾರ್ಕೆಟ್ಟು. ಬೆಳಗ್ಗೆ ತಿಪಟೂರಿಗೆ ಹೋದವರು ಮಧ್ಯಾಹ್ನದ ಬಸ್ಸಿಗೆ ವಾಪಸಾಗತೊಡಗಿದರು. ಮೊದಲು ಬಂದ ಪಕ್ಕದ ಮನೆಯವರು ಅಂಗಳದಲ್ಲೇ ನಿಂತು, "ಸಾವ್ಕಾರ್ರು ಹೇಳಿದ್ರು, ನೀವು ಹೊರಡ್ಬೇಕಂತೆ" ಎಂದರು. ಅರ್ಧ ಗಂಟೆಗೆ ಮೇಲುಬೀದಿಯವರೊಬ್ಬರು ಟಿವಿಎಸ್ ನಿಲ್ಲಿಸಿ ಅದನ್ನೇ ಹೇಳಿದರು. ಆಮೇಲೆ ಕಾಯಿ ಸುಲಿಯುವವನು. ಆಮೇಲೆ ಬಸ್ಸಿನ ಕಂಡಕ್ಟರು, ನನ್ನ ಮುಖ ನೋಡದವನು, ಅಂಗಡಿಯವರಿಗೆ ಹೇಳಿ ಕಳುಹಿಸಿದ. ನಮ್ಮ ಸೀಮೆಯಲ್ಲಿ ತೆಂಗಿರುವವರೆಲ್ಲ ಯಾವುದಾದರೊಂದು ಮಂಡಿಯವರೇ. ಸಾಹುಕಾರರಿಗೆ ಟೆಲಿಗ್ರಾಮೂ ಬೇಕಿರಲಿಲ್ಲ, ಟೆಲಿಫೋನೂ ಬೇಕಿರಲಿಲ್ಲ. ಸಂಜೆಯ ಹೊತ್ತಿಗೆ ಬೇಕೂಫನಂತೆ ಕೂತಿದ್ದ ನನಗೆ ಏಳು ಜನ ಏಳು ಸಲ ಹೊರಡು ಎಂದಿದ್ದರು. ತಲೆ ಮರೆಸಿಕೊಂಡು ಬಿಳಿಗೆರೆಗೆ ಹೋಗಿಬಿಡೋಣ ಎಂದರೆ ಅಲ್ಲಿಗೂ ಅಷ್ಟೇ ಜನ ಮಾರ್ಕೆಟ್ಟಿನಿಂದ ಹೋಗಿರುತ್ತಾರೆ.

ಮಾರನೆಯ ದಿನ ಸಿಟ್ಟಿನಲ್ಲೇ ಮಂಡಿಗೆ ಹೋದೆ. ನನ್ನ ಸಿಟ್ಟನ್ನು ಅವರು ಗಮನಿಸಲೇ ಇಲ್ಲ.

"ಬಾ ಕೂತ್ಕೋ. ಲಾರಿ ಮುಟ್ಟೈತೆ. ಮಾಲು ಪೂರ್ತಿ ಹಸಿ, ಬೂಷ್ಟು ಹಿಡಿದೈತೆ ಅಂತ ಗಲಾಟೆ ಮಾಡ್ತಾ ಅವ್ನೆ ಅವ್ನು. ಇಳಿಸ್ಕೊಳ್ಳಲ್ಲ ಅಂತಾನೆ. ನೀನು ನಾಳೆ ಗಾಡಿಗೆ ಹೋಗಿ ಒಂದು ದಿನ ನೋಡಿ, ಅವನ ಬಾಯಿ ಮುಚ್ಚಿಸಿ, ಹಂಗೇ ತಿರುಗಿ ಗಾಡಿ ಹತ್ತು."

"ಸಾವ್ಕಾರ್ರೇ, ನಮ್ಮನೆಯವಳಿಗೆ ದಿನ ಹತ್ರ ಬಂದೈತೆ."

"ಸೀಮಂತ ಮುಗೀತಲ್ಲಪ್ಪ?"

"ಸೀಮಂತ ಅಲ್ಲ, ಹೆರಿಗೆ. ಇನ್ನೊಂಬತ್ತು ದಿನ ಅಷ್ಟೇ."

ಅವರು ಮನಸಾರೆ ನಕ್ಕರು. ಪಕ್ಕದ ಗುಮಾಸ್ತನಿಗೂ ಹೇಳಿ ನಗಿಸಿದರು.

"ನಿಮ್ಮತ್ತೆ ಬಾಯಲ್ಲೇ ಒಂದೂವರೆ ತಿಂಗಳು ಅಂದವ್ರೆ. ನೀನೂ ಮೊನ್ನೆ ಇಲ್ಲೇ ಕೂತು ಹೂಂ ಅಂದೆ. ರಜೆಗೋಸ್ಕರ ಮಗೂನ ಅವಸರದಲ್ಲಿ ಹುಟ್ಟಿಸ್ತೀಯೇನಯ್ಯ? ಹೋಗು ಹೋಗು. ಹೆರಿಗೆಗೆ ಬೇರೆ ರಜೆ ನಾನೇ ಕರೆದು ಕೊಡ್ತೀನಿ. ನಿಂಗಲ್ದೆ ಇನ್ಯಾರಿಗೆ ಕೊಡ್ಲಿ?"

ಹೆರಿಗೆಗೆ ರಜೆ! ಯಾರಿಗೂ ಕೊಡದ್ದನ್ನು ನನಗೆ ಕೊಡುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿದವರ ಹತ್ತಿರ ಏನೆಂದು ಜಗಳವಾಡುವುದು? ನಾನು ನಿಜ ಹೇಳಿದಷ್ಟೂ ಅದು ಸುಳ್ಳಿನಂತೆ ಕೇಳುತ್ತಿತ್ತು. ಕಾರ್ಡು ತಂದು ತೋರಿಸುತ್ತೇನೆ ಎಂದು ಹೊನ್ನವಳ್ಳಿಗೆ ವಾಪಸು ಹೋದೆ. ಅತ್ತೆ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಅದರ ಮುಂದೆ ಹೋಗಿ ನಿಂತರು.

"ದಿನ ಬರೆದಿರೋ ಕಾಗದ ಹೊಸಲು ದಾಟಬಾರದು. ಇಷ್ಟು ದಿನ ಕಾಪಾಡ್ಕೊಂಡು ಬಂದಿದೀನಿ, ಈಗ ಮಾರ್ಕೆಟ್ಟಲ್ಲಿ ಓದಿಸ್ತೀರಾ?"

"ನೀವಾದ್ರೂ ಬಂದು ಒಂದು ಮಾತು ಹೇಳಿ ಮಾವ" ಎಂದೆ.

ಮಾವ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ನಮ್ ಮಾಲನ್ನ ಬಿಚ್ಚೂ ನೋಡದೆ ತಗೊಂಡೋರು ಅವ್ರು. ಅವ್ರ ಮುಂದೆ ಹೋಗಿ ನಮ್ಮನೆಯವಳು ಸುಳ್ಳು ಹೇಳಿದ್ಲು ಅನ್ಲಾ? ಒಂದು ವಾರದ ಮಾತಲ್ವಾ, ಹೋಗ್ಬನ್ನಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಬ್ಬರಿಗೆ ದೃಷ್ಟಿಯ ಭಯ, ಒಬ್ಬರಿಗೆ ಮರ್ಯಾದೆಯ ಭಯ, ಒಬ್ಬರಿಗೆ ಲಾರಿಯ ಭಯ. ನಿಜವಾಗಿ ಭಯಪಡಬೇಕಾದವಳು ಮಾತ್ರ ಗೋಡೆಗೊರಗಿ ಕೂತು ಎಲ್ಲರ ಮುಖವನ್ನೂ ನೋಡುತ್ತಿದ್ದಳು. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಹೋಗಲು ಮೂರು ದಿನ, ಅಲ್ಲಿ ಒಂದು, ಬರಲು ಮೂರು. ಏಳು. ಎರಡು ದಿನ ಕೈಯಲ್ಲಿ ಉಳಿಯುತ್ತದೆ.

"ಬಂದ್ಬಿಡ್ತೀನಿ ಕಣೇ" ಎಂದೆ.

"ಹೂಂ" ಎಂದಳು. ಬಸ್ಸಿಗೆ ಹೊರಟಾಗ ಅವಳು ಬಾಗಿಲವರೆಗೂ ಬಂದಳು. ಬೆರಳು ಮಡಿಸಿ ಹುಟ್ಟುವ ದಿನ ಗೊತ್ತುಮಾಡಿದ ನನ್ನ ಪೆದ್ದುತನ ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ದೆಹಲಿ ಸೇರಿದವನು ಸ್ನಾನವನ್ನೂ ಮಾಡದೆ ಗೋದಾಮಿಗೆ ಹೋದೆ. ವ್ಯಾಪಾರಿ ನನ್ನನ್ನು ನೋಡಿ ಎದ್ದೇ ನಿಂತ. ಇದು ಅವನ ಎಂದಿನ ನಾಟಕವಲ್ಲ ಎಂದು ಬಾಗಿಲಲ್ಲೇ ಗೊತ್ತಾಯಿತು, ಒಳಗಿಂದ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಲಾರಿಯ ಮಾಲೆಲ್ಲ ಕೆಟ್ಟಿರಲಿಲ್ಲ. ಹೆಚ್ಚಿನ ಚೀಲಗಳು ಟಕ್ಕೆಂದವು. ಮೂಲೆಯಲ್ಲಿ ಒಟ್ಟಿದ್ದ ಹದಿನಾಲ್ಕು ಚೀಲಗಳು ಮಾತ್ರ ದಬ್ಬೆಂದವು. ಯಾವ ಉಂಡೆ ತೆಗೆದುಕೊಂಡರೂ ಅದೇ ಸದ್ದು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ನೀರಿನ ಪಸೆ ಕುಲುಕಿತು. ಅಟ್ಟದ ಮೇಲೆ ಇನ್ನೂ ಮೂರು ತಿಂಗಳಾದರೂ ಇರಬೇಕಾಗಿದ್ದ ಕಾಯಿ. ಯಾವ ಮುಠ್ಠಾಳ ಇದನ್ನು ಅವಧಿಗೆ ಮುಂಚೆ ಇಳಿಸಿದ ಎಂದು ಗಟ್ಟಿಯಾಗಿಯೇ ಬೈದುಕೊಂಡು ಚೀಲ ತಿರುಗಿಸಿದೆ. ಮಂಡಿಯ ಗುಮಾಸ್ತ ಶಾಯಿಯಲ್ಲಿ ಬರೆದಿದ್ದ, ಹೊನ್ನವಳ್ಳಿ ಎಂದು. ಅದರ ಕೆಳಗೆ ಚೀಲ ಹರಿದ ಕಡೆ ಒಂದು ತೇಪೆ. ನೇರಳೆ ಬಣ್ಣದ ಬಟ್ಟೆ, ಹಳದಿ ಅಂಚು. ನನ್ನ ಹೆಂಡತಿ ಮದುವೆಗೆ ಮುಂಚೆ ಉಡುತ್ತಿದ್ದ ಲಂಗ ಅದು, ಹೆಣ್ಣು ನೋಡಲು ಹೋದಾಗ ತಂತಿಯ ಮೇಲೆ ಒಣಗುತ್ತಿದ್ದುದನ್ನು ನಾನು ನೋಡಿದ್ದೆ.

ಆ ಚೀಲಗಳ ನಡುವೆ ಹಾಗೇ ಕೂತುಬಿಟ್ಟೆ. ಮಗು ಬರುತ್ತದೆ ಎಂದು ಅಟ್ಟ ಇಳಿಸಿದರು. ಅಟ್ಟ ಇಳಿಸಿದ್ದಕ್ಕೆ ಮಾಲು ಹಸಿಯಾಯಿತು. ಅಳಿಯನ ಮೇಲಿನ ವಿಶ್ವಾಸಕ್ಕೆ ಸಾಹುಕಾರರು ಚೀಲ ಬಿಚ್ಚಲಿಲ್ಲ. ಮಾಲು ಹಸಿ ಎಂದು ಅಳಿಯನ ರಜೆ ಹೋಯಿತು. ಯಾರ ಕೊರಳಪಟ್ಟಿ ಹಿಡಿಯಬೇಕು ಎಂದು ಹುಡುಕಿದರೆ ಎಲ್ಲರೂ ನನ್ನವರೇ, ಎಲ್ಲರೂ ಒಳ್ಳೆಯದನ್ನೇ ಬಯಸಿದವರು.

ಬೂತಿಗೆ ಹೋಗಿ ಮಂಡಿಗೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಕೂಗಿದರು.

"ಹೆಣ್ಣು ಮಗು ಕಣಯ್ಯ! ನಿನ್ನೆ ಬೆಳಗ್ಗೆ. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ನಾನೇ ಹೋಗಿ ನೋಡ್ಕೊಂಡು ಬಂದೆ. ಥೇಟ್ ನಿನ್ ಮೂಗು!"

ಬೆಳಗ್ಗೆ ನೋವು ಕಾಣಿಸಿಕೊಂಡಾಗ ಮಾವ ಅಂಗಡಿಯ ಫೋನಿನಿಂದ ಕಾರು ಬೇಕೆಂದು ಅವರಿಗೇ ಹೇಳಿದ್ದರಂತೆ. ಡ್ರೈವರು ಸಿಕ್ಕದೆ ಅವರೇ ಓಡಿಸಿಕೊಂಡು ಹೋಗಿದ್ದರಂತೆ. ಆಸ್ಪತ್ರೆಗೆ ಹೊರಡುವಷ್ಟು ಹೊತ್ತೂ ಆಗದೆ ನರ್ಸಮ್ಮನೇ ಮನೆಯಲ್ಲಿ ಹೆರಿಗೆ ಮಾಡಿಸಿದಳಂತೆ. ನನ್ನ ಮಗಳನ್ನು ನನಗಿಂತ ಮೊದಲು ನೋಡಲು ಸಾಹುಕಾರರು ತಮ್ಮ ಮಂಡಿಗೆ ತಾವೇ ಅರ್ಧ ದಿನ ರಜೆ ಹಾಕಿದ್ದರು.

"ಅಲ್ಲಯ್ಯ, ದಿನ ಇಷ್ಟು ಹತ್ರ ಇತ್ತು ಅಂತ ನನಗೊಂದು ಮಾತು ಹೇಳಬಾರದಾಗಿತ್ತಾ?" ಎಂದರು.

"ಹೇಳಿದೆ ಸಾವ್ಕಾರ್ರೇ!"

"ಹೇಳಿದೆ, ಹೇಳಿದೆ. ಹಂಗಲ್ಲ ಹೇಳೋದು. ಇರ್ಲಿ ಬುಡು. ಮಾಲು ಹೆಂಗೈತೆ?"

ಹೇಳಿದೆ. ಹದಿನಾಲ್ಕು ಚೀಲ, ಹೊನ್ನವಳ್ಳಿ, ನಮ್ಮ ಮಾವನದು. ಬೈಯಲಿ ಎಂದು ಆಸೆಪಟ್ಟೆ. ನನ್ನ ಮಾವನನ್ನು ಬೈದರೆ ನಾನೂ ಎಲ್ಲ ಸೇರಿಸಿ ಅವರನ್ನು ಬೈಯಬಹುದಿತ್ತು. ಅವರು ಎರಡು ಸಲ ಗಿಡ್ಡದಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಿಮ್ ಮಾವನಿಗೆ ಇದನ್ನ ಹೇಳಬೇಡ. ನೊಂದ್ಕೋತಾರೆ. ಆ ಚೀಲ ಬೇರೆ ತೆಗ್ಸಿಡು, ಒಣಗಿಸಿ ಏನಾದ್ರೂ ಮಾಡಣ."

"ನಾನು ನಾಳೆ ಹೊರಟುಬಿಡ್ತೀನಿ ಸಾವ್ಕಾರ್ರೇ."

"ಯಾಕೆ? ಹೆರಿಗೆ ಆಯ್ತಲ್ಲ. ಇನ್ನೇನವಸರ? ಬಾಣಂತಿ ಕೋಣೆಗೆ ಹೆಂಗೂ ಗಂಡಸರನ್ನ ಬುಡಲ್ಲ. ಇನ್ನೊಂದು ಲಾರಿ ಬತ್ತಾ ಐತೆ, ಅದು ಇಳಿಸ್ಕೊಂಡು ಬಾ. ನಿನ್ ರಜೆ ಎಲ್ಲೂ ಹೋಗಲ್ಲ."

ರಜೆ ಎಲ್ಲಿಗೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆ ಲಾರಿ ಇಳಿಯುವಷ್ಟರಲ್ಲಿ ಅದರ ಹಿಂದೆ ಇನ್ನೊಂದು ಬಂತು. ನಾಳೆ, ನಾಡಿದ್ದು ಎನ್ನುತ್ತಾ ಮಗು ಮೂರು ತಿಂಗಳಿನದಾಯಿತು. ಕೆಲಸ ಬಿಟ್ಟು ಬರಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ನಾನೂ ಕೇಳಿಕೊಳ್ಳುತ್ತೇನೆ. ನಿನ್ನ ಕಿವಿ ಇಲ್ಲದಿದ್ದರೆ ಮುಳುಗಿದೆವು ಎಂಬ ಮಾತನ್ನು ನಾನೂ ಎಲ್ಲೋ ನಂಬಿಬಿಟ್ಟಿದ್ದೆ, ಅಷ್ಟೇ ಉತ್ತರ.

ಕೊನೆಗೆ ಹೊನ್ನವಳ್ಳಿ ಮುಟ್ಟಿದಾಗ ಮಗು ನನ್ನ ಮೀಸೆ ನೋಡಿ ಕಿಟಾರನೆ ಕಿರುಚಿತು. ಅತ್ತೆ ಸಮಾಧಾನ ಹೇಳಿದರು. ಮಾವ ಆ ಸಲದ ತಮ್ಮ ಮಾಲು ಹೇಗಿತ್ತು ಎಂದು ಕೇಳಿದರು, ಚೆನ್ನಾಗಿತ್ತು ಎಂದೆ. ಹೆಂಡತಿ ಊಟಕ್ಕೆ ಬಡಿಸಿದಳು, ಪ್ರಯಾಣದ ಬಗ್ಗೆ ವಿಚಾರಿಸಿದಳು, ಒಂದು ಬಿರುಸು ಮಾತನ್ನೂ ಆಡಲಿಲ್ಲ. ನಾನು ಬೈಸಿಕೊಳ್ಳಲು ತಯಾರಾಗಿ ಬಂದವನು. ಎರಡು ದಿನ ಕಾದು, ಮೂರನೆಯ ದಿನ ಮಧ್ಯಾಹ್ನ ಅವಳು ಜಗುಲಿಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದಾಗ ನಾನೇ ತೆಗೆದೆ.

"ನಾನು ಇರ್ಬೇಕಿತ್ತು."

ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. "ಆವತ್ತು ನೋವು ಜಾಸ್ತಿ ಆದಾಗ ಆಚೆ ಯಾರೋ ಕೆಮ್ಮಿದ್ರು. ಎರಡು ಸಲ, ಆಮೇಲೆ ಗಂಟಲು ಸರಿಮಾಡ್ಕೊಂಡ್ರು. ಬಂದ್ರಾ ಅಂತ ಕೂಗ್ದೆ. ಅಮ್ಮ, ಹೂಂ ಕಣೇ, ಬಂದವ್ರೆ, ಜಗುಲಿ ಮೇಲವ್ರೆ ಅಂದ್ಲು."

ಯಾರು ಕೆಮ್ಮಿದ್ದು ಎಂದು ನಾನು ಕೇಳಬೇಕಾಗಿರಲಿಲ್ಲ. ಕಾರು ನಿಲ್ಲಿಸಿ ಆ ಜಗುಲಿಯ ಮೇಲೆ ಕೂತಿದ್ದವರು ಒಬ್ಬರೇ.

"ಅತ್ತೆ ಹಂಗೆ ಸುಳ್ಳು ಹೇಳಬಾರದಿತ್ತು" ಎಂದೆ. ನನ್ನ ಸ್ವರ ನನಗೇ ಒರಟಾಗಿ ಕೇಳಿತು.

"ಸುಳ್ಳು ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣ್ರೀ. ನಿಮ್ ಕೆಮ್ಮು ನಂಗೆ ಗೊತ್ತಿಲ್ವಾ? ಎಷ್ಟು ಸಲ ಕೆಮ್ಮಿಸಿ ಕೇಳಿದೀನಿ. ನಿಮ್ದಲ್ಲ ಅಂತ ಗೊತ್ತಿದ್ದೂ ನಿಮ್ದೇ ಅನ್ಕೊಂಡೆ. ಆ ಹೊತ್ತಿಗೆ ಯಾವ್ದಾದ್ರೂ ಒಂದು ಬೇಕಾಗಿತ್ತು."

ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಸಾಹುಕಾರರು ಕೂತಿದ್ದ ಆ ಜಾಗದಲ್ಲೇ ಕೂತಿದ್ದೆ. ಅವರ ಮೇಲೆ, ಅತ್ತೆಯ ಮೇಲೆ, ಆ ಹದಿನಾಲ್ಕು ಚೀಲದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೆರಳು ಮಡಿಸಿ ಲೆಕ್ಕ ಹಾಕಿದ ಈ ಕೈಯ ಮೇಲೆ ಸಿಟ್ಟು ಬಂತು. ಅಳುವೂ ಬಂತು, ಯಾರೂ ಇಲ್ಲದ್ದರಿಂದ ಅತ್ತುಬಿಟ್ಟೆ.

ಆರನೆಯ ದಿನ ಮಾರ್ಕೆಟ್ಟು. ಮಧ್ಯಾಹ್ನದ ಬಸ್ಸು ಬಂದ ಸದ್ದಾಯಿತು. ನಾನು ಒಳಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ, ಆ ಹೊತ್ತಿಗೆ ಅದಕ್ಕೆ ನನ್ನ ಮೀಸೆ ರೂಢಿಯಾಗಿತ್ತು. ಪಕ್ಕದ ಮನೆಯವರು ಅಂಗಳಕ್ಕೆ ಬಂದು ಕೂಗಿದರು.

"ಅಳಿಯಂದ್ರು ಅವ್ರಾ? ಸಾವ್ಕಾರ್ರು ಹೇಳಿದ್ರು, ಲಾರಿ ಮುಟ್ಟೈತಂತೆ, ನಾಳೆ ಹೊರಡ್ಬೇಕಂತೆ."

ನಾನು ಮಗುವನ್ನು ಕೆಳಗಿಳಿಸಿ ಏಳುವುದರೊಳಗೆ ಹೆಂಡತಿ ಬಾಗಿಲಿಗೆ ಹೋಗಿ ನಿಂತಿದ್ದಳು.

"ಅವ್ರು ಮನೇಲಿಲ್ಲ" ಎಂದಳು.

ನಾನು ಒಳಗಿಂದ ಕೆಮ್ಮಿದೆ. ಧೂಳಿನ ಕೆಮ್ಮಲ್ಲ ಅದು, ಬೇಕೆಂದೇ ಕೆಮ್ಮಿದೆ. ಎರಡು ಸಲ ಗಿಡ್ಡದಾಗಿ, ಆಮೇಲೆ ಗಂಟಲು ಸರಿಮಾಡಿಕೊಂಡೆ.

"ಮತ್ತೆ ಒಳಗೆ ಕೆಮ್ತಾ ಇರೋದು ಯಾರು?" ಎಂದರು ಪಕ್ಕದ ಮನೆಯವರು.

"ನಿಮ್ ಸಾವ್ಕಾರ್ರಿರಬೇಕು" ಎಂದಳು ಅವಳು. "ಹೋಗಿ ಅವ್ರನ್ನೇ ಕೇಳಿ."